ಬೋರ್ಡಿನವರ ಮನೆಯ ಗೋಡೆ

ಒಂದೇ ವಾರದಲ್ಲಿ ನಮ್ಮ ಮನೆಗೆ ಎರಡು ಕಾಗದ ಬಂದವು. ಮೊದಲನೆಯದು ನಗರ ಕಚೇರಿಯದು. ನಮ್ಮ ಸಾಲಿನ ಹನ್ನೊಂದು ಮನೆಗಳನ್ನು ಕೆಡವಿ ಅಲ್ಲಿ ಕಾರು ನಿಲ್ಲಿಸಲು ನಾಲ್ಕಂತಸ್ತಿನ ಕಟ್ಟಡ ಕಟ್ಟುತ್ತಾರಂತೆ. ನಮಗೆ ಊರಾಚೆ ಎಲ್ಲೋ ಎರಡು ಕೋಣೆ ಕೊಡುತ್ತಾರಂತೆ. ಕಾರಿಗೆ ನೆರಳು ಬೇಕು, ಮನುಷ್ಯರಿಗೆ ಬೇಡ ಎಂದು ಬೈದುಕೊಂಡು ಆ ಕಾಗದದ ಮೇಲೆಯೇ ಆಲೂಗಡ್ಡೆಯ ಸಿಪ್ಪೆ ಹೆರೆದು ಹಾಕಿದೆ. ಹೆರೆಯುತ್ತಿದ್ದಾಗಲೇ ಎರಡನೆಯ ಕಾಗದವನ್ನು ಮಗಳು ತಂದಳು.

ಮಗಳು ನಗರದ ಮ್ಯೂಸಿಯಂನಲ್ಲಿ ಗೈಡ್. ಬಂದವರಿಗೆ ಗಾಜಿನ ಪೆಟ್ಟಿಗೆಗಳನ್ನು ತೋರಿಸಿ ತೋರಿಸಿ ಸಂಜೆ ಗಂಟಲು ಕಟ್ಟಿಕೊಂಡು ಬರುತ್ತಾಳೆ. ಮೈಯಲ್ಲಿ ಹಿಡಿ ಮಾಂಸವಿಲ್ಲ, ಬಾಯಿಗೆ ಬಿಡುವಿಲ್ಲ. ಅದಕ್ಕೇ ನಾವೆಲ್ಲ ಅವಳನ್ನು ಗುಬ್ಬಿ ಅನ್ನುತ್ತೇವೆ. ಆ ದಿನ ಚಪ್ಪಲಿ ಬಿಡುವ ಮೊದಲೇ ಮ್ಯೂಸಿಯಂನ ಕಾಗದ ನನ್ನ ಮುಂದೆ ಹಿಡಿದು ಅವಳ ಮಾತು ಶುರುವಾಯಿತು.

“ಅಮ್ಮ, ಹಳೇ ಮನೆಗಳ ನಡಿಗೆ ಶುರು ಮಾಡ್ತಿದ್ದೀವಿ! ಪ್ರತಿ ಭಾನುವಾರ ಜನಾನ ಕರ್ಕೊಂಡು ಹೋಗಿ ಊರಿನ ಹಳೇ ಮನೆ ತೋರಿಸೋದು. ಒಟ್ಟು ಏಳು. ಆರು ಗೊತ್ತಾಗಿದೆ. ಏಳನೇದಕ್ಕೆ ನಮ್ಮನೆ ಬರೆದು ಕೊಟ್ಬಂದೆ.”

“ನಮ್ಮನೇಲಿ ನೋಡೋಕೆ ಏನಿದೆಯೇ? ನಿಮ್ಮಪ್ಪನ ಒಗೆಯದ ಅಂಗಿನಾ?”

“ತಮಾಷೆ ಅಲ್ಲಮ್ಮ. ಪಟ್ಟಿಗೆ ಸೇರಿದ ಮನೇನ ಯಾರೂ ಕೆಡವೋ ಹಾಗಿಲ್ಲ. ನಗರ ಕಚೇರಿಯವರೂ.”

ನನ್ನ ಕೈಯಲ್ಲಿದ್ದ ಚಾಕು ನಿಂತಿತು. ಮೊದಲ ಕಾಗದದ ಮೇಲಿದ್ದ ಸಿಪ್ಪೆಯನ್ನೆಲ್ಲ ಝಾಡಿಸಿ, ಒದ್ದೆ ಒರೆಸಿ, ಅದರಲ್ಲಿ ಎಷ್ಟು ದಿನ ಕೊಟ್ಟಿದ್ದಾರೆಂದು ಮತ್ತೊಮ್ಮೆ ಓದಿದೆ. ಎರಡು ತಿಂಗಳು.

ನಮ್ಮನೆಯ ಗಂಡಸರು ಅಂಗಡಿಗಳಿಗೆ ಬೋರ್ಡ್ ಬರೆಯುವವರು. ಮಾವನ ಅಪ್ಪ ಶುರು ಮಾಡಿದರು, ಆಮೇಲೆ ಮಾವ, ಈಗ ನನ್ನ ಗಂಡ. ಬೀದಿಯವರು ನಮ್ಮನ್ನು ಬೋರ್ಡಿನವರು ಎಂದೇ ಕರೆಯುತ್ತಾರೆ. ಮಾವನಿಗೆ ಎಂಬತ್ತೆರಡು, ಕೈ ನಡುಗುತ್ತದೆ, ನಾಲಿಗೆ ನಡುಗುವುದಿಲ್ಲ. ಫ್ಲೆಕ್ಸ್ ಬಂದ ಮೇಲೆ ಕೈಯಲ್ಲಿ ಬರೆಸುವವರು ವರ್ಷಕ್ಕೆ ಮೂವರೋ ನಾಲ್ವರೋ. ಮನೆ ನಡೆಯುವುದು ನನ್ನ ಹೊಲಿಗೆ ಯಂತ್ರದಿಂದ. ಇದನ್ನು ನಾನು ದಿನಾ ಹೇಳುವುದಿಲ್ಲ, ದಿನ ಬಿಟ್ಟು ದಿನ ಹೇಳುತ್ತೇನೆ.

ಊಟಕ್ಕೆ ಕೂತಾಗ ಗುಬ್ಬಿ ಮತ್ತೆ ಅದೇ ರಾಗ ತೆಗೆದಳು. ನನ್ನ ಗಂಡ ಬ್ರೆಡ್ಡು ಮುರಿಯುತ್ತ ಕೇಳಿದರು:

“ಉಳಿದ ಆರು ಮನೆ ಯಾವುವು?”

“ಡಾಕ್ಟರ ಬಂಗಲೆ, ಹಡಗಿನ ವ್ಯಾಪಾರಿ ಮಹಡಿ ಮನೆ, ಹಳೇ ಅಂಚೆ ಕಚೇರಿ ಅಧಿಕಾರಿ ಮನೆ...”

“ಏಳನೇದು ಬಣ್ಣದ ಡಬ್ಬಿ ಮನೆ. ಭೇಷ್!”

“ನಗಬೇಡಿ ಅಪ್ಪ. ಊರು ಅಂದ್ರೆ ಬರೀ ದೊಡ್ಡವರ ಮನೇನಾ?”

“ಬಾಯಿ ಮುಚ್ಕೊಂಡು ತಿನ್ನೋ,” ಎಂದರು ಮಾವ ಮಗನಿಗೆ. “ಮಗು ಮನೆ ಉಳಿಸೋ ಮಾತಾಡ್ತಿದೆ, ನೀನು ಹಲ್ಲು ಕಿರೀತೀಯ.”

ಮೂರನೆಯ ದಿನ ಮ್ಯೂಸಿಯಂ ಮೇಡಂ ಬಂದರು. ಗುಬ್ಬಿಗೆ ಮೇಲಧಿಕಾರಿ, ನೇರ ಮಾತಿನ ಹೆಂಗಸು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಬಾಗಿಲು ನೋಡಿದರು, ಕಿಟಕಿ ನೋಡಿದರು, ಮೆಟ್ಟಿಲ ಕೆಳಗೆ ಇಣುಕಿದರು. ಎಲ್ಲದಕ್ಕೂ “ಹೂಂ, ಹೂಂ” ಎಂದು ತಲೆಯಾಡಿಸಿದರು. ಹೊಲಿಸಿದ ಅಂಗಿ ಇಷ್ಟವಾಗದ ಗಿರಾಕಿಗಳು ಹೀಗೇ ತಲೆಯಾಡಿಸುವುದು, ನನಗೆ ಗೊತ್ತಾಗಿಹೋಯಿತು. ಗುಬ್ಬಿಯ ಮುಖ ಚಿಕ್ಕದಾಯಿತು.

ಹೊರಡುವಾಗ ಮೇಡಂ ಕೈ ತೊಳೆಯಲು ಹಿತ್ತಿಲಿಗೆ ಹೋದರು. ಅಲ್ಲಿ ಗೋಡೆಯ ಬುಡದಲ್ಲಿ ನಾನು ಲೈನಿಂಗ್ ಬಟ್ಟೆ ನೆನೆಹಾಕಿದ ಬಕೆಟ್ಟುಗಳಿದ್ದವು. ಹೊಲಿಯುವ ಮೊದಲು ನೆನೆಸದಿದ್ದರೆ ಆಮೇಲೆ ಬಟ್ಟೆ ಕುಗ್ಗಿ ಗಿರಾಕಿ ನನ್ನ ಜೀವ ಹಿಂಡುತ್ತಾರೆ. ಆ ನೀರು ಚಿಮ್ಮಿ ಚಿಮ್ಮಿ ಗೋಡೆಯ ಸುಣ್ಣ ಎದ್ದು ಹಕ್ಕಳೆ ಹಕ್ಕಳೆಯಾಗಿ ಬಂದಿತ್ತು. ಮೇಡಂ ಬಗ್ಗಿದವರು ಬಗ್ಗಿದ ಹಾಗೇ ಉಳಿದರು.

“ಇದೇನಿದು?”

“ನನ್ನದೇ ತಪ್ಪು ಮೇಡಂ, ನೀರು ತಾಗಿ...”

“ಅಲ್ಲ, ಅಲ್ಲ. ಈ ಕೆಂಪು ಬಣ್ಣ? ಅದರ ಕೆಳಗಿನ ನೀಲಿ?”

ಮಾವ ಕೋಲೂರಿಕೊಂಡು ಬಂದರು. “ಅದು ತಾಲೀಮು ಗೋಡೆ ಕಣಮ್ಮ. ನಾವು ನೇರ ಹಲಗೆ ಮೇಲೆ ಬರೆಯೋದಿಲ್ಲ. ಮೊದಲು ಇಲ್ಲಿ, ಪೂರ್ತಿ ಅಳತೇಲಿ. ಗಿರಾಕಿ ಬಂದು ಆ ಸ್ಟೂಲ್ ಮೇಲೆ ಕೂತು ಚಹಾ ಕುಡೀತಾನೆ, ಇಲ್ಲಿ ದಪ್ಪ ಮಾಡಿ, ಅಲ್ಲಿ ಸಣ್ಣ ಮಾಡಿ ಅಂತಾನೆ. ಅವನು ಒಪ್ಪಿದ ಮೇಲೆ ಹಲಗೆ. ಆಮೇಲೆ ಗೋಡೆಗೆ ಸುಣ್ಣ.”

“ಪ್ರತಿ ಬೋರ್ಡಿಗೂ ಸುಣ್ಣ?”

“ಮತ್ತೆ? ಒಬ್ಬ ಗಿರಾಕಿಗೆ ಇನ್ನೊಬ್ಬನ ಅಕ್ಷರ ಕಾಣಬಾರದು. ಹೊಸಬರು ಬರ್ತಾರೆ ಅಂದ್ರೆ ಗೋಡೆ ಬೆಳ್ಳಗಿರಬೇಕು. ನಮ್ಮಪ್ಪ ಹಾಕಿದ ಕಟ್ಟುನಿಟ್ಟು.”

“ಎಷ್ಟು ವರ್ಷದಿಂದ ಹೀಗೆ?”

“ತೊಂಬತ್ತಾಗಿರಬೇಕು.”

ಮೇಡಂ ನನ್ನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಕಲ್ಲು ಒದ್ದೆಯಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. “ಅಂದ್ರೆ ಈ ಊರಿನ ಅಂಗಡಿ ಬೀದಿ ಪೂರ್ತಿ ಈ ಗೋಡೆ ಒಳಗಿದೆ! ತೊಂಬತ್ತು ವರ್ಷದ್ದು! ಒಂದರ ಮೇಲೆ ಒಂದು!”

ಗುಬ್ಬಿ ಕಿಟಾರನೆ ಕಿರುಚಿ ನನ್ನನ್ನು ತಬ್ಬಿಕೊಂಡಳು. ಸುಳ್ಳೇಕೆ ಹೇಳಲಿ, ನನಗೂ ಮೈ ಜುಂ ಎಂದಿತು. ಮೂವತ್ತೊಂದು ವರ್ಷ ಆ ಗೋಡೆಯ ಬುಡದಲ್ಲೇ ಬಟ್ಟೆ ಹಿಂಡಿದ್ದೇನೆ, ಅದರ ಸುಣ್ಣ ಸೀರೆಗೆ ಮೆತ್ತಿತೆಂದು ಶಪಿಸಿದ್ದೇನೆ.

ಅಲ್ಲಿಂದ ನಾಲ್ಕನೆಯ ಭಾನುವಾರ ಪಟ್ಟಿ ಮಾಡುವ ಸಮಿತಿಯವರು ನೋಡಲು ಬರುತ್ತಾರೆ ಎಂದರು ಮೇಡಂ. ಜೊತೆಗೆ ಒಂದು ಆಜ್ಞೆ: ಅಲ್ಲಿಯವರೆಗೆ ಗೋಡೆಗೆ ನೀರಿಲ್ಲ, ಸುಣ್ಣವಿಲ್ಲ, ಹೊಸ ಬರಹವಿಲ್ಲ.

ಮಾರನೆಯ ದಿನವೇ ಬೇಕರಿಯವರು ಬಂದರು. ಅಂಗಡಿ ದೊಡ್ಡದು ಮಾಡುತ್ತಿದ್ದಾರೆ, ಒಂಬತ್ತಡಿ ಉದ್ದದ ಬೋರ್ಡ್ ಬೇಕು, ಕೈಯಲ್ಲೇ ಬರೆದದ್ದು. ಎಂಟು ತಿಂಗಳ ಮೇಲೆ ಬಂದ ಮೊದಲ ಕೆಲಸ. ನನ್ನ ಗಂಡ ಒಪ್ಪಿಕೊಂಡು, ಶಿಳ್ಳೆ ಹಾಕುತ್ತ ಹಿತ್ತಿಲಿಗೆ ಹೋಗಿ, ಸುಣ್ಣದ ಬಕೆಟ್ಟು ಎತ್ತಿದ್ದೇ ತಡ, ಗುಬ್ಬಿ ಗೋಡೆಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತುಬಿಟ್ಟಳು.

“ಅಪ್ಪ, ಮುಟ್ಟಬೇಡಿ!”

“ಪಕ್ಕಕ್ಕೆ ಸರಿಯೇ. ಬೇಕರಿಯವರು ಶುಕ್ರವಾರ ನೋಡೋಕೆ ಬರ್ತಾರೆ.”

“ಮುಂದಿನ ತಿಂಗಳು ಬನ್ನಿ ಅನ್ನಿ.”

“ಮುಂದಿನ ತಿಂಗಳು ಅಂದ್ರೆ ಅವರು ಫ್ಲೆಕ್ಸ್‌ನವನ ಹತ್ರ ಹೋಗ್ತಾರೆ. ಗೋಡೆ ನನ್ನದಾ, ನಿಮ್ಮ ಮೇಡಂದಾ?”

“ಮನೇನೇ ಹೋದ್ಮೇಲೆ ಗೋಡೆ ಎಲ್ಲಿರತ್ತಪ್ಪ?”

“ಕೆಲಸಾನೇ ಹೋದ್ಮೇಲೆ ಮನೇಲಿ ಕೂತು ನಾನೇನು ನೊಣ ಹೊಡೀಲಾ?”

ಇಬ್ಬರೂ ನನ್ನ ಕಡೆ ತಿರುಗಿದರು. ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. “ನನ್ನ ಬಕೆಟ್ಟುಗಳನ್ನ ಬಚ್ಚಲಿಗೆ ಸಾಗಿಸಿ ಸೊಂಟ ಹಿಡ್ಕೊಂಡಿದೆ,” ಎಂದೆ ನಾನು. “ಯಾರಾದ್ರೂ ಅದರ ಬಗ್ಗೆ ವಿಚಾರಿಸಿದ್ರಾ?” ಯಾರೂ ವಿಚಾರಿಸಲಿಲ್ಲ. ಅಪ್ಪ ಮಗಳು ನಾಲ್ಕು ದಿನ ಮಾತು ಬಿಟ್ಟರು. “ಚಹಾ ಬೇಕಾ ಅಂತ ನಿಮ್ಮಪ್ಪನ್ನ ಕೇಳು”, “ಬೇಡ ಅಂತ ನಿನ್ನ ಮಗಳಿಗೆ ಹೇಳು” ಎಂದು ಎರಡೂ ಕಡೆಯ ಟಪಾಲು ಹೊತ್ತದ್ದು ನಾನು. ಬೇಕರಿಯವರಿಗೆ ಏನೋ ನೆಪ ಹೇಳಿ ನನ್ನ ಗಂಡ ಮೂರು ವಾರ ಮುಂದೂಡಿದರು. ಕಾಗದದ ಮೇಲೆ ಬರೆದು ನೋಡಿದರು, ನೆಲದ ಮೇಲೆ ಬರೆದು ನೋಡಿದರು, ಯಾವುದೂ ಹಿಡಿಸಲಿಲ್ಲ.

ಎರಡನೆಯ ವಾರ ಮೇಡಂ ಮೊಂಡು ಚಾಕು, ಹತ್ತಿ, ಮೆತ್ತನೆಯ ಬ್ರಷ್ಷು ತಂದು ಗೋಡೆಯಲ್ಲಿ ಕಿಟಕಿ ತೆರೆಯುವುದನ್ನು ಕಲಿಸಿದರು. ಕಿಟಕಿ ಎಂದರೆ ಅಂಗೈಯಗಲದ ಒಂದು ಚೌಕ. ಅಷ್ಟು ಜಾಗವನ್ನು ಮಾತ್ರ ಒದ್ದೆ ಹತ್ತಿಯಿಂದ ನೆನೆಸಿ, ಸುಣ್ಣದ ಪದರವನ್ನು ಹಾಲಿನ ಕೆನೆ ತೆಗೆದ ಹಾಗೆ ಎತ್ತಬೇಕು. ಕೆಳಗಿನ ಬಣ್ಣ ಕಂಡ ಕೂಡಲೇ ನಿಲ್ಲಿಸಬೇಕು.

ಮೊದಲ ಚೌಕದಲ್ಲಿ ಹಸಿರು ಬಾಲದ ಅರ್ಧ ಅಕ್ಷರ ಕಂಡಿತು. ಮಾವ ಕಣ್ಣು ಕಿರಿದು ಮಾಡಿ ನೋಡಿ, “ಕೊಡೆ ರಿಪೇರಿ ಅಂಗಡಿ,” ಎಂದರು. “ನಾನೇ ಬರೆದಿದ್ದು. ಆಗ ನನಗೆ ಮದುವೆ ಆಗಿರ್ಲಿಲ್ಲ.”

“ಅರ್ಧ ಅಕ್ಷರದಲ್ಲಿ ಹೇಗೆ ಗೊತ್ತಾಯ್ತು ತಾತ?”

“ನಿನ್ನ ಕೈಬರಹ ನಿನಗೆ ಗೊತ್ತಾಗಲ್ವಾ?”

ಮೂರು ಬೀದಿ ಆಚೆ ಕೊಡೆ ರಿಪೇರಿ ಅಂಗಡಿ ಈಗಲೂ ಇದೆ, ಬೋರ್ಡ್ ಮಾತ್ರ ಇಲ್ಲ. ಸುದ್ದಿ ಕೇಳಿದ್ದೇ ಕೊಡೆಯವನು ಅರ್ಧ ಬಿಚ್ಚಿದ ಕೊಡೆ ಕೈಯಲ್ಲೇ ಹಿಡಿದು ಓಡಿ ಬಂದ. “ನಮ್ಮಜ್ಜನ ಅಂಗಡಿ! ಈ ಹಸಿರು ಬಣ್ಣದ ಕಥೆ ಕೇಳಿದ್ದೆ, ನೋಡಿರ್ಲಿಲ್ಲ!” ಎಂದು ಗೋಡೆಗೆ ಮೂಗು ತಾಗಿಸಿ ನಿಂತ. ಅಲ್ಲಿಂದ ಶುರುವಾಯಿತು ನೋಡಿ. ಗಡಿಯಾರದವರ ಮೊಮ್ಮಗಳು ಬಂದಳು, ದೀಪದ ಎಣ್ಣೆ ಮಾರುತ್ತಿದ್ದವರ ಕಡೆಯವರು ಬಂದರು, ಯಾವುದೋ ಕಾಲದಲ್ಲಿ ಮುಚ್ಚಿಹೋದ ಚಿತ್ರಮಂದಿರದ ಟಿಕೆಟ್ಟಿನವನ ಮಗ ಬಂದ. “ನಮ್ಮದೂ ಹುಡುಕಿ, ನಮ್ಮದೂ ಹುಡುಕಿ!” ನಮ್ಮನೆಯಲ್ಲಿ ಚಹಾದ ಲೋಟ ತೊಳೆದು ತೊಳೆದು ನನ್ನ ಬೆರಳು ಸುಕ್ಕುಗಟ್ಟಿದವು.

ಬೈಯುತ್ತಲೇ ನಾನೂ ಚಾಕು ಹಿಡಿದೆ. ಒಮ್ಮೆ ಹಿಡಿದ ಮೇಲೆ ಬಿಡಲು ಮನಸ್ಸೇ ಬರದು! ಇನ್ನೊಂದು ಚೂರು, ಇನ್ನೊಂದೇ ಚೂರು ಎನ್ನುತ್ತ ಒಂದು ಮಧ್ಯಾಹ್ನ ಹಳದಿ ಅಕ್ಷರದ ಕೊಕ್ಕೆ ಬಿಡಿಸುತ್ತಿದ್ದೆ. ಒಲೆಯ ಮೇಲಿದ್ದ ಬೇಳೆ ಸೀದು ಕಲ್ಲಾಗಿ, ಹೊಗೆ ಬೀದಿಗೆ ಹೋಗಿ, ಪಕ್ಕದ ಮನೆಯವರು ನೀರು ತಂದರು. ಆ ದಿನ ಎಲ್ಲರೂ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. “ನನಗೆ ಹೊಲಿಗೆ ಬಿಟ್ಟು ಬೇರೆ ಹುಚ್ಚಿಲ್ಲ ಅಂತಿದ್ದೆಯಲ್ಲೇ?” ಎಂದು ಗಂಡ ಕೆಣಕಿದರು. “ತಿನ್ನಿ ಸುಮ್ನೆ,” ಎಂದೆ.

ಮೂರನೆಯ ವಾರದ ಕೊನೆಗೆ ಮತ್ತೊಂದು ಜಗಳ. ಗುಬ್ಬಿಗೆ ಮುತ್ತಜ್ಜನ ಅಕ್ಷರ ನೋಡುವ ಆಸೆ. ಅದು ಎಲ್ಲಕ್ಕಿಂತ ಕೆಳಗಿನ ಪದರದಲ್ಲಿದೆ. ಅಲ್ಲಿಗೆ ಹೋಗಬೇಕಾದರೆ ಮೇಲಿನ ಮಾವನ ಹಸಿರು ಅಕ್ಷರವನ್ನು ಕೆರೆದು ತೆಗೆಯಬೇಕು. ಅವಳು ಚಾಕು ಇಟ್ಟದ್ದನ್ನು ನೋಡಿ ನನ್ನ ಗಂಡ ನಾಲ್ಕು ಹೆಜ್ಜೆ ಹಾರಿ ಬಂದು ಕೈ ಹಿಡಿದರು.

“ಏನು ಮಾಡ್ತಿದ್ದೀಯೇ?”

“ಒಂದೇ ಚೌಕ ಅಪ್ಪ.”

“ಆ ಚೌಕದಲ್ಲಿ ನಿಮ್ಮ ತಾತ ಇದ್ದಾರೆ. ನನಗೆ ಸುಣ್ಣ ಹೊಡೀಬೇಡಿ ಅಂತೀರಿ. ನಾವು ತೊಂಬತ್ತು ವರ್ಷ ಸುಣ್ಣ ಹೊಡೆದಿದ್ದಕ್ಕೇ ಇದೆಲ್ಲ ಉಳಿದಿರೋದು. ನೀವು ಉಳಿಸ್ತೀವಿ ಅಂತ ಮೂರು ವಾರದಲ್ಲಿ ಕೆರೆದು ಹಾಕ್ತಿದ್ದೀರಿ!”

ಗುಬ್ಬಿ ಚಾಕು ಕೆಳಗಿಟ್ಟು ಹೋದಳು. ಮಾರನೆಯ ದಿನ ಮೇಡಂಗೆ ಈ ಮಾತು ಹೇಳಿದಾಗ ಅವರೂ ಒಪ್ಪಿಕೊಂಡರಂತೆ. ಇನ್ನು ಹೊಸ ಕಿಟಕಿ ಬೇಡ, ತೆರೆದಿರುವ ಹದಿನಾಲ್ಕೇ ಸಾಕು ಎಂದು ಹೇಳಿ ಕಳಿಸಿದರು.

ಸಮಿತಿ ಬರುವ ಭಾನುವಾರ ಬಂದೇ ಬಂತು. ಹಿಂದಿನ ದಿನ ನಾವು ಮೂವರೂ ಮನೆ ಗುಡಿಸಿ, ಒರೆಸಿ, ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಿದ್ದೆವು. ಮಾವನಿಗೆ ನಾನೇ ಹೇಳಿದ್ದೆ: “ನಾಳೆ ದೊಡ್ಡ ದೊಡ್ಡ ಜನ ನಮ್ಮ ಗೋಡೆ ನೋಡೋಕೆ ಬರ್ತಾರೆ ಮಾವ. ಒಳ್ಳೆ ಅಂಗಿ ಹಾಕ್ಕೊಳಿ.”

ಬೆಳಗ್ಗೆ ಏಳಕ್ಕೆ ಹಿತ್ತಿಲ ಬಾಗಿಲು ತೆಗೆದವಳು ಅಲ್ಲೇ ಕಂಬದ ಹಾಗೆ ನಿಂತೆ. ಮಾವ ಒಳ್ಳೆ ಅಂಗಿ ಹಾಕಿಕೊಂಡಿದ್ದರು. ಕೈಯಲ್ಲಿ ಸುಣ್ಣದ ಬ್ರಷ್ಷು. ಗೋಡೆ ಈ ಮೂಲೆಯಿಂದ ಆ ಮೂಲೆಯವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಹದಿನಾಲ್ಕು ಕಿಟಕಿಗಳಲ್ಲಿ ಒಂದೂ ಇಲ್ಲ.

“ಮಾವಾ! ಏನು ಮಾಡಿದ್ರಿ!”

“ಏನು ಅಂದ್ರೆ? ಹೊಸಬರು ಬರ್ತಾರೆ ಅಂದೆಯಲ್ಲ. ಹಾಗೇ ಬಿಡೋಕಾಗತ್ತಾ? ಅಲ್ಲಲ್ಲಿ ಕೆರೆದು ತೂತು ತೂತು, ಕೊಡೆಯವನದು, ಗಡಿಯಾರದವನದು, ಎಲ್ಲಾ ಕಾಣ್ತಿತ್ತು. ಮರ್ಯಾದೆ ಬೇಡ್ವಾ?” ಮುಖದ ತುಂಬ ಸುಣ್ಣದ ಹನಿ, ಹೆಮ್ಮೆ. “ನಾಲ್ಕು ಗಂಟೆಗೇ ಎದ್ದೆ. ಕೈ ನಡುಗಿದ್ರೇನು, ಸುಣ್ಣಕ್ಕೆ ನಡುಕ ಲೆಕ್ಕವಿಲ್ಲ.”

ಗುಬ್ಬಿ ಬಂದು ನೋಡಿದಳು. ಒಗೆಯುವ ಕಲ್ಲಿನ ಮೇಲೆ ತಲೆಗೆ ಕೈಕೊಟ್ಟು ಕೂತಳು. ಆಗ ಮಾವನಿಗೆ ಅರ್ಥವಾಯಿತು. ಅವರ ಕೈಯ ಬ್ರಷ್ಷು ಕೆಳಗೆ ಬಿತ್ತು. “ಅವರು ಗಿರಾಕಿಗಳಲ್ವಾ?” ಎಂದು ನನ್ನನ್ನು ಕೇಳಿದರು. ನಾನು ಆ ಬ್ರಷ್ಷು ಎತ್ತಿಟ್ಟು ಗುಬ್ಬಿಯ ಕಡೆ ತಿರುಗಿದೆ.

“ಮೇಡಂಗೆ ಫೋನ್ ಮಾಡು, ಮತ್ತೆ ಕೆರೆಯೋಣ,” ಎಂದೆ.

“ಹಸಿ ಸುಣ್ಣ ಕೆರೆದ್ರೆ ಕೆಳಗಿಂದೂ ಕಿತ್ಕೊಂಡು ಬರತ್ತಮ್ಮ. ಒಣಗೋಕೆ ದಿನಗಳು ಬೇಕು. ಅವರು ಹನ್ನೊಂದಕ್ಕೆ ಬರ್ತಾರೆ.”

ಅಷ್ಟರಲ್ಲಿ ನನ್ನ ಗಂಡ ಹಿತ್ತಿಲಿಗೆ ಬಂದರು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು, ಸೂರ್ಯ ಎಲ್ಲಿದ್ದಾನೆ ನೋಡಿದರು, ಬೆರಳು ತಾಗಿಸಿದರು. ಆಮೇಲೆ ಅಂಗಿಯ ತೋಳು ಮಡಿಸಿದರು.

“ಹನ್ನೊಂದಕ್ಕೆ ಬರೆಯೋ ಹದಕ್ಕೆ ಬರತ್ತೆ. ಗುಬ್ಬಿ, ಬೇಕರಿಯವರನ್ನ ಕರ್ಕೊಂಡು ಬಾ. ನೀನು ಬಣ್ಣಕ್ಕೆ ಹಾಕೋ ಅಂಟು ಕಾಯಿಸು,” ಎಂದರು ನನಗೆ. “ಅಪ್ಪ, ನೀವು ಸ್ಟೂಲ್ ಮೇಲೆ ಕೂತ್ಕೊಳಿ. ಯಾರ ಅಂಗಡಿ ಎಲ್ಲಿದೆ ಅಂತ ಹೇಳೋದು ನಿಮ್ಮ ಕೆಲಸ.”

ಹನ್ನೊಂದಕ್ಕೆ ಸರಿಯಾಗಿ ಮೇಡಂ, ಸಮಿತಿಯ ಐವರು, ನಡಿಗೆಯ ಪ್ರಯೋಗಕ್ಕೆಂದು ಕರೆತಂದ ಇಪ್ಪತ್ತು ಜನ ಹಿತ್ತಿಲು ತುಂಬಿದರು. ಸಮಿತಿಯ ಹಿರಿಯರು ಸೇತುವೆ ಕಟ್ಟಿ ನಿವೃತ್ತರಾದ ಇಂಜಿನಿಯರು, ಗಂಟುಮುಖದವರು. ಮೇಡಂ ಬಿಳಿ ಗೋಡೆ ನೋಡಿ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತರು. ಗುಬ್ಬಿ ಎಲ್ಲರ ಮುಂದೆ ಬಂದು ನಿಂತಳು. ಅವಳ ಬಾಯಿ ಮೋಸ ಮಾಡಲಿಲ್ಲ.

“ಈ ಗೋಡೆ ಒಳಗೆ ನಮ್ಮ ಊರಿನ ಅಂಗಡಿ ಬೀದಿ ಇದೆ. ಇವತ್ತು ಬೆಳಗ್ಗೆ ನಮ್ಮ ತಾತ ಅದಕ್ಕೆ ಸುಣ್ಣ ಹೊಡೆದರು. ಯಾಕೆ ಅಂದ್ರೆ ತೊಂಬತ್ತು ವರ್ಷದಿಂದ ಹೊಸಬರು ಬರೋ ದಿನ ಈ ಮನೇಲಿ ಹಾಗೇ ಮಾಡೋದು. ನೀವೇ ಇವತ್ತಿನ ಹೊಸಬರು.”

ನನ್ನ ಗಂಡ ನೀಲಿ ಸೀಮೆಸುಣ್ಣದ ಪುಡಿ ಸವರಿದ ದಾರದ ಒಂದು ತುದಿ ಇಂಜಿನಿಯರ ಕೈಗೇ ಕೊಟ್ಟು, “ಸ್ವಲ್ಪ ಬಿಗಿಯಾಗಿ ಹಿಡೀರಿ ಸಾರ್,” ಎಂದು ಎಳೆದು ಟಪ್ಪನೆ ಬಿಟ್ಟರು. ಒಂಬತ್ತಡಿಯ ನೀಲಿ ಗೆರೆ ಗೋಡೆಯ ಮೇಲೆ ಮೂಡಿತು. ಜನ “ಆಹಾ” ಎಂದರು. ಕೈ ಅಲುಗದಂತೆ ಗೋಡೆಗೆ ಆನಿಸಿದ ಕೋಲಿನ ಮೇಲೆ ಕೈಯೂರಿ, ಅಗಲದ ಕುಂಚದಿಂದ ಅವರು ಮೊದಲ ಅಕ್ಷರವನ್ನು ಒಂದೇ ಉಸಿರಿಗೆ ತಿರುಗಿಸಿದಾಗ ಹಿತ್ತಿಲಲ್ಲಿ ಯಾರೂ ಕೆಮ್ಮಲಿಲ್ಲ. ಮಾವ ಸ್ಟೂಲಿನ ಮೇಲಿಂದ ಕೋಲು ಚಾಚಿ ಹೇಳುತ್ತಿದ್ದರು: “ಅವನು ಈಗ ಬರೀತಿರೋ ಜಾಗದ ಕೆಳಗೆ ಗಡಿಯಾರದವರು. ಅವರ ಕೆಳಗೆ ನಮ್ಮಪ್ಪ ಬರೆದ ಕುದುರೆ ಗಾಡಿಯವರು. ಇತ್ತ, ಈ ಕಡೆ, ದೀಪದ ಎಣ್ಣೆ.” ಬೇಕರಿಯವರು ಚಹಾ ಹೀರುತ್ತ, ಇದು ತಮಗೆಂದೇ ಏರ್ಪಡಿಸಿದ ಸಮಾರಂಭವೇನೋ ಎಂಬಂತೆ ಕಾಲ ಮೇಲೆ ಕಾಲು ಹಾಕಿ, “ಎರಡನೇ ಅಕ್ಷರ ಇನ್ನೂ ದುಂಡಗಿರಲಿ, ಬನ್ನಿನ ಹಾಗೆ,” ಎಂದರು. ಇಪ್ಪತ್ತೈದು ಜನ ಘೊಳ್ಳೆಂದು ನಕ್ಕರು. ನನಗೆ ಎದೆ ಉಬ್ಬಿ ಬಂತು. ಆ ಗಂಡಸಿನ ಕೈ ಅಷ್ಟು ಚೆಂದ ಓಡುವುದನ್ನು ನಾನೇ ಎಷ್ಟೋ ವರ್ಷಗಳಿಂದ ನಿಂತು ನೋಡಿರಲಿಲ್ಲ.

ಕೊನೆಗೆ ಇಂಜಿನಿಯರು ಕೇಳಿದರು: “ಬೇಕರಿಯವರು ಒಪ್ಪಿದ ಮೇಲೆ ಇದಕ್ಕೂ ಸುಣ್ಣ ಹೊಡೀತೀರಾ?”

“ಹೌದು ಸಾರ್.”

“ಸುಣ್ಣ ಹೊಡೆಯೋದು ನಿಲ್ಲಿಸಿದ್ರೆ ಇದು ಬರೀ ಗೋಡೆ. ಅಲ್ವೇ?” ಅವರು ದಾರದ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. “ಈ ಮನೇನ ಪಟ್ಟಿಗೆ ಸೇರಿಸೋಕೆ ನನಗೆ ಮನಸ್ಸಿದೆ. ಆದ್ರೆ ಕೆಲಸ ನಡೀತಾ ಇರಬೇಕು. ನಿಮ್ಮ ನಂತರ ಯಾರು?”

ನನ್ನ ಗಂಡ ಗುಬ್ಬಿಯನ್ನು ನೋಡಿದರು. ಗುಬ್ಬಿ ನೆಲ ನೋಡಿದಳು.

“ಎರಡು ವಾರ ಕೊಡ್ತೀವಿ,” ಎಂದರು ಇಂಜಿನಿಯರು. “ಈ ಮನೆಯ ಇನ್ನೊಂದು ಕೈ ಬರೆದ ಬೋರ್ಡನ್ನ ಒಬ್ಬ ಗಿರಾಕಿ ಒಪ್ಪಿ, ಸಹಿ ಹಾಕಿದ ಕಾಗದ ತಂದುಕೊಡಿ. ಅಷ್ಟು ಸಾಕು.”

ಗಿರಾಕಿಗೇನೂ ಬರವಿರಲಿಲ್ಲ, ಜನರ ಹಿಂದೆ ನಿಂತಿದ್ದ ಕೊಡೆಯವನು ಅಲ್ಲೇ ಕೈ ಎತ್ತಿ, “ನನಗೆ ನಮ್ಮಜ್ಜನ ಹಸಿರು ಬೋರ್ಡೇ ಬೇಕು,” ಎಂದ. ಬರವಿದ್ದದ್ದು ಕೈಗೆ. ಗುಬ್ಬಿ ಮ್ಯೂಸಿಯಂಗೆ ರಜೆ ಹಾಕಿ ಕುಂಚ ಹಿಡಿದಳು. ಛಲವಿತ್ತು ಪಾಪ. ಆದರೆ ಅವಳ ಅಕ್ಷರಗಳು ಎಡದಿಂದ ಹೊರಟು ಬಲಕ್ಕೆ ಬರುವಷ್ಟರಲ್ಲಿ ಒಂದಡಿ ಮೇಲೇರುತ್ತಿದ್ದವು.

“ಇದು ಅಂಗಡಿ ಬೋರ್ಡಾ, ಏರು ರಸ್ತೇನಾ?” ಎಂದರು ಮಾವ. “ಸುಣ್ಣ ಹೊಡಿ.”

ಸುಣ್ಣ ಹೊಡೆಯುತ್ತಿದ್ದವಳು ನಾನು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಆರನೆಯ ದಿನ ಅಕ್ಷರ ಮೇಲೇರುವ ಬದಲು ಕೆಳಗೆ ಜಾರಿತು. ಒಂಬತ್ತನೆಯ ದಿನ ಅವಳ ಮಣಿಕಟ್ಟು ಊದಿತು. ಹನ್ನೊಂದನೆಯ ದಿನ ಅಪ್ಪನ ಸಹನೆ ಮುಗಿದು, “ಮಾತಾಡೋ ಅಷ್ಟು ಸುಲಭ ಅಂದ್ಕೊಂಡೆಯಾ?” ಎಂದು ರೇಗಿದರು. “ನಿಮಗೆ ಕಲಿಸೋಕೆ ಬರಲ್ಲ!” ಎಂದು ಅವಳು ಕುಂಚ ಎಸೆದಳು. ಮನೆ ಕೈಬಿಟ್ಟು ಹೋಯಿತು ಎಂದು ನನಗೆ ಅನ್ನಿಸಿಬಿಟ್ಟಿತು. ಎರಡು ಕೋಣೆ, ಊರಾಚೆ. ಈ ಯಂತ್ರ ಎಲ್ಲಿಡಲಿ, ಮಾವ ಯಾವ ಗೋಡೆ ನೋಡುತ್ತ ಕೂರಬೇಕು?

ಹನ್ನೆರಡನೆಯ ದಿನ ನಾನು ಹಿತ್ತಿಲ ಬಾಗಿಲಲ್ಲಿ ಕೂತು ಯಾರದೋ ಕೋಟಿನ ಕಾಲರ್ ಕತ್ತರಿಸುತ್ತಿದ್ದೆ. ಗುಬ್ಬಿ ಅದೇ ಹಸಿರು ಬಾಲದ ತಿರುವನ್ನು ಏಳನೆಯ ಸಲ ಕೆಡಿಸಿದಳು. ನನಗೆ ತಡೆಯಲಾಗಲಿಲ್ಲ.

“ಅಲ್ಲಿ ನಿಲ್ಲಿಸ್ಬೇಡ ಕಣೇ! ಕಾಲರ್ ತಿರುಗಿಸೋ ಹಾಗೆ ಒಂದೇ ಸಮ ತಿರುಗಿಸು. ಬೆರಳಿಂದ ಅಲ್ಲ, ಭುಜದಿಂದ!”

“ಬಾಯಲ್ಲಿ ಎಲ್ಲರೂ ಬರೀತಾರೆ,” ಎಂದರು ನನ್ನ ಗಂಡ. “ನೀನೇ ಬಂದು ಬರಿ ಹಾಗಾದ್ರೆ.”

ಅವರು ಚುಚ್ಚಲು ಅಂದದ್ದು. ನಾನು ಕತ್ತರಿ ಕೆಳಗಿಟ್ಟು ಎದ್ದೆ. ಮದುವೆಯಾಗಿ ಈ ಮನೆಗೆ ಬಂದ ವಾರದಿಂದ ಅವರ ಅಂಟು ಕಾಯಿಸಿದ್ದೇನೆ, ಬಣ್ಣ ಕಲಸಿದ್ದೇನೆ, ಆ ಗೋಡೆಗೆ ಯಾರಿಗಿಂತಲೂ ಹೆಚ್ಚು ಸಲ ಸುಣ್ಣ ಬಳಿದಿದ್ದೇನೆ. ಕುಂಚ ಮಾತ್ರ ಹಿಡಿದಿರಲಿಲ್ಲ. ಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಯಾರೂ ಕರೆದಿರಲಿಲ್ಲ. ಇಂಜಿನಿಯರು “ನಿಮ್ಮ ನಂ‍ತರ ಯಾರು” ಎಂದಾಗ ಅಷ್ಟು ಜನರಲ್ಲಿ ಒಬ್ಬರೂ ನನ್ನ ಕಡೆ ನೋಡಿರಲಿಲ್ಲವಲ್ಲ, ಆ ಸಿಟ್ಟು ಹನ್ನೆರಡು ದಿನದಿಂದ ನನ್ನ ಹೊಟ್ಟೆಯಲ್ಲಿತ್ತು.

ಮೊದಲ ಅಕ್ಷರ ದಪ್ಪವಾಯಿತು. ಯಾರೂ ಮಾತಾಡುವ ಮೊದಲೇ ನಾನೇ ಸುಣ್ಣ ಬಳಿದೆ. ಮಾರನೆಯ ದಿನವೂ ಬರೆದೆ, ಬಳಿದೆ. ಗಂಡ ಬಂದು ನನ್ನ ಮೊಣಕೈ ಕೆಳಗೆ ಕೋಲನ್ನು ಸರಿಯಾಗಿ ಇಟ್ಟುಕೊಟ್ಟರು. ಅವರ ದನಿಯಲ್ಲಿ ಈಗ ಕುಹಕವಿರಲಿಲ್ಲ. “ಉಸಿರು ಬಿಡ್ತಾ ಎಳಿ,” ಎಂದರು ಮೆಲ್ಲಗೆ. ಗುಬ್ಬಿ ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಮೂರು ಹೊತ್ತು ಅಡುಗೆ ಮಾಡಿದ್ದು ಅವಳೇ, ಉಪ್ಪಿಲ್ಲದ್ದು, ಯಾರೂ ಚಕಾರವೆತ್ತಲಿಲ್ಲ.

ಗಡುವಿನ ದಿನ ಬೆಳಗ್ಗೆ ಬಿಸಿಲು ಗೋಡೆಗೆ ಬರುತ್ತಲೇ ಶುರು ಮಾಡಿದೆ. ಹಸಿರು, ಅಂಚಿಗೆ ಕಪ್ಪು. ಭುಜದಿಂದ ಕೈ ತಿರುಗಿತು, ಬಾಲ ಎಲ್ಲೂ ತಡೆಯದೆ ಸುತ್ತಿ ಬಂದು ಗೆರೆಯ ಮೇಲೆ ಕೂತಿತು. ಅಯ್ಯೋ, ಆ ಕ್ಷಣದ ಖುಷಿ! ಮೈಯೆಲ್ಲ ಹಗುರವಾದಂತಾಯಿತು. ಉಳಿದ ಅಕ್ಷರಗಳನ್ನು ಹೇಗೆ ಬರೆದೆನೋ ನನಗೇ ತಿಳಿಯದು. ಕುಂಚ ಇಳಿಸಿ ಹಿಂದೆ ಸರಿದು ನಿಂತೆ. ಮಾವ ಸ್ಟೂಲಿನಿಂದ ಎದ್ದು ಬಂದು ಗೋಡೆಗೆ ಕಣ್ಣು ಹಚ್ಚಿ ಒಂದೊಂದೇ ಅಕ್ಷರ ನೋಡುತ್ತ ಹೋದರು. ನಾನು ಅಭ್ಯಾಸದಂತೆ ಸುಣ್ಣದ ಬಕೆಟ್ಟಿಗೆ ಕೈ ಹಾಕಿದೆ.

“ಅದನ್ನ ಅಲ್ಲೇ ಇಡು,” ಎಂದರು ಮಾವ. “ಗಿರಾಕೀನ ಕರೀರಿ.”

ನನ್ನ ಗಂಡ ಬರಿಗಾಲಲ್ಲಿ ಓಡಿದರು. ಐದೇ ನಿಮಿಷಕ್ಕೆ ಕೊಡೆಯವನು ಬಂದ. ತನ್ನ ಅಂಗಡಿಯ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದ. ಗೋಡೆಯ ತೀರ ಹತ್ತಿರ ಹೋಗಿ, ಮತ್ತೆ ದೂರ ಬಂದು, “ಇದನ್ನ ಯಾರು ಬರೆದಿದ್ದು?” ಎಂದು ಕೇಳಿದ.

ಮಾವ ನಡುಗುವ ಕೈಯನ್ನು ನನ್ನ ತಲೆಯ ಮೇಲಿಟ್ಟರು. “ಈ ಮನೆಯ ನಾಲ್ಕನೇ ಪೇಂಟರು. ಸಹಿ ಹಾಕಪ್ಪ.”

ಕೊಡೆಯವನು ಸಹಿ ಹಾಕಿದ. ಗುಬ್ಬಿ ಆ ಕಾಗದ ಕಿತ್ತುಕೊಂಡು ಮ್ಯೂಸಿಯಂ ಕಡೆಗೆ ಒಂದೇ ಓಟ ಕಿತ್ತಳು. ನಾನು ಅಳುತ್ತ ನಗುತ್ತ ಅವಳ ಹಿಂದೆಯೇ ಬೀದಿಯುದ್ದಕ್ಕೂ ಓಡಿದೆ, ಹಸಿರು ಕುಂಚ ಕೈಯಲ್ಲಿ ಹಿಡಿದುಕೊಂಡೇ.